ಊರಿನ ಹೆಸರೆಂಬ ಲೆಕ್ಕಕ್ಕೆ ಸಿಗದ ಆಸ್ತಿ

ಹೊರರಾಜ್ಯದ ಅಡಿಕೆ ಖರೀದಿದಾರರೊಬ್ಬರು ಚನ್ನಗಿರಿಗೆ ಬಂದರೆ ಸಾಮಾನ್ಯವಾಗಿ ನಡೆಯುವುದಿಷ್ಟು. ಮಂಡಿಯಲ್ಲಿ ರಾಶಿ, ಬೆಟ್ಟೆಗಳ ಮಾದರಿ ನೋಡಿ ದರ ತೀರ್ಮಾನವಾದ ಕೂಡಲೇ ಆತಿಥ್ಯಕ್ಕೆಂದು ಅವರನ್ನು ದಾವಣಗೆರೆಗೆ ಕರೆದೊಯ್ಯಲಾಗುತ್ತದೆ. ಬೆಣ್ಣೆ ದೋಸೆ, ಗಾಜಿನ ಮನೆ, ಬಳಿಕ ರೈಲು. ಹೊನ್ನಾಳಿಯ ಭತ್ತದ ವರ್ತಕರೂ ಜಗಳೂರಿನ ಮೆಕ್ಕೆಜೋಳದ ವರ್ತಕರೂ ಮಾಡುವುದು ಇದನ್ನೇ. ತಮ್ಮ ಊರಿನಲ್ಲಿ ತೋರಿಸುವಂಥದ್ದು ಏನಿದೆ ಎಂಬ ಸಂಕೋಚ ಇದರ ಹಿಂದಿದೆ. ವ್ಯವಹಾರದ ದೃಷ್ಟಿಯಿಂದಲೂ ಇದು ನಷ್ಟದ ಬಾಬತ್ತೇ ಸರಿ.

26ನೆಯ ಲೆಕ್ಕಪತ್ರ ಮಾನದಂಡದ ಪ್ರಕಾರ ಸಂಸ್ಥೆಯೊಂದು ತಾನೇ ಗಳಿಸಿಕೊಂಡ ಗುಡ್‌ವಿಲ್ಲನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಪುಸ್ತಕದಲ್ಲಿ ಕಾಣದ ಮಾತ್ರಕ್ಕೆ ಅದು ಇಲ್ಲವೆಂದು ಯಾವ ವರ್ತಕನೂ ಭಾವಿಸುವುದಿಲ್ಲ. ಊರಿನ ಹೆಸರೂ ಇದೇ ಜಾತಿಗೆ ಸೇರಿದ್ದು; ವ್ಯತ್ಯಾಸವೆಂದರೆ, ಅದರಲ್ಲಿ ಪೇಟೆಯ ಎಲ್ಲ ಅಂಗಡಿಗಳಿಗೂ ಪಾಲಿದೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನೇ ನೋಡಬಹುದು. ಅತಿಥಿಯ ಎದುರು ಆ ಹೆಸರನ್ನು ಉಚ್ಚರಿಸಲು ಹಿಂಜರಿದು ಅನೇಕರು ‘ಶಾಂತಿಸಾಗರ’ ಎಂದು ಹೇಳಿ ಮುಗಿಸುತ್ತಾರೆ. ವಾಸ್ತವವಾಗಿ ಕಥೆಯಿರುವುದೇ ಹಳೆಯ ಹೆಸರಿನಲ್ಲಿ. ಕೆರೆ ಕಟ್ಟಿಸಹೊರಟ ರಾಜಕುಮಾರಿ ಶಾಂತವ್ವನಿಗೆ ಅಲ್ಲಿನ ವೇಶ್ಯೆಯರು ತಮ್ಮ ನೆಲವನ್ನು ಬಿಟ್ಟುಕೊಟ್ಟರೆಂದೂ, ಕೆರೆಗೆ ತಮ್ಮ ಹೆಸರೇ ಇರಬೇಕೆಂಬ ಷರತ್ತು ಹಾಕಿದರೆಂದೂ ಐತಿಹ್ಯ. ಕರಾರು ಎಂದರೇನೆಂದು ಬಲ್ಲ ವರ್ತಕರಿಗೆ ಇದಕ್ಕಿಂತ ಸೊಗಸಾದ ಕಥೆ ಬೇಕೆ? ಏಷ್ಯಾದ ಎರಡನೆಯ ದೊಡ್ಡ ಕೆರೆ ಎಂಬ ಮಾತನ್ನೇ ಎಲ್ಲರೂ ಮುಂದಿಡುತ್ತಾರೆ; ದೊಡ್ಡ ಜಲಾಶಯಗಳನ್ನು ಕಂಡು ಬಂದವನಿಗೆ ಅದರಿಂದ ವಿಸ್ಮಯವೇನೂ ಆಗದು. ವಿಸ್ಮಯವಿರುವುದು ಏರಿಯಲ್ಲಿ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಕಟ್ಟಿದ ಈ ಏರಿಯ ಉದ್ದ ಅಲ್ಪವೇ; ಅದು ತಡೆದು ನಿಲ್ಲಿಸಿದ ನೀರು ಮಾತ್ರ ಅಪಾರ. ಹರಿದ್ರಾ ಹೊಳೆಯನ್ನು ಹಿಡಿದಿಟ್ಟು, ಸಿದ್ಧ ಮತ್ತು ಬಸವ ಎಂಬ ಎರಡು ತೂಬುಗಳಿಂದ ಶತಮಾನಗಳ ಕಾಲ ಗದ್ದೆಗಳಿಗೆ ನೀರುಣಿಸಿದ ಜಾಗವನ್ನು ಹುಡುಕಿದ ಆ ಕಾಲದ ಕಣ್ಣನ್ನು ತೋರಿಸಬೇಕು. ಅಲ್ಲಿಂದ ಸಂತೆಬೆನ್ನೂರಿಗೆ ಹೋದರೆ, 16ನೆಯ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕನು ಕಟ್ಟಿಸಿದ ಪುಷ್ಕರಣಿಯೂ ನೀರಿನ ನಡುವಣ ವಸಂತ ಮಂಟಪವೂ ದಡದ ಮುಸಾಫಿರಖಾನೆಯೂ ಇವೆ. ವಿವರಣೆಯೇನೂ ಬೇಡ, ಮೆಟ್ಟಿಲ ಮೇಲೆ ಅರ್ಧ ಗಂಟೆ ಕುಳಿತರೆ ಸಾಕು.

ಊರಿನ ಕಥೆಯನ್ನು ಊರಿನವರು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ ಎಂಬುದಕ್ಕೆ ನ್ಯಾಮತಿಯೇ ಸಾಕ್ಷಿ. ಮಲೆನಾಡು ಮತ್ತು ಬಯಲುಸೀಮೆಗಳ ಸರಕು ಕೈ ಬದಲಿಸುತ್ತಿದ್ದ ಹಳೆಯ ಪೇಟೆಯಿದು. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾದದ್ದು ಈಚಿನ ಸಂಗತಿ. ದೇಶದ ಪತ್ರಿಕೆಗಳಲ್ಲಿ ಅದರ ಹೆಸರು ಬಂದದ್ದಾದರೂ ಯಾವಾಗ? 2024ರ ಅಕ್ಟೋಬರ್‌ನಲ್ಲಿ ಬ್ಯಾಂಕ್ ಶಾಖೆಯೊಂದರಿಂದ ಸುಮಾರು 17 ಕಿಲೋ ಚಿನ್ನ ಕಳವಾದಾಗ, ಮತ್ತು 2025ರಲ್ಲಿ ಅದರ ಬಹುಭಾಗ ತಮಿಳುನಾಡಿನ ಬಾವಿಯೊಂದರಲ್ಲಿ ಸಿಕ್ಕಾಗ! ಅದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರವರಿಯಲ್ಲಿ ನೆರೆರಾಜ್ಯಗಳಿಂದಲೂ ಭಕ್ತರು ಅಲ್ಲಿಗೆ ಬರುತ್ತಾರೆ. ಎತ್ತುಗಳ ಬೆನ್ನಮೇಲೆ ಉಪ್ಪು, ಧಾನ್ಯ ಹೇರಿ ದೇಶವನ್ನೇ ಸುತ್ತಿದ ಸಮುದಾಯದ ತೀರ್ಥಕ್ಷೇತ್ರ ವರ್ತಕರ ಮಗ್ಗುಲಲ್ಲೇ ಇದ್ದರೂ ಎಷ್ಟು ಮಂದಿ ವರ್ತಕರು ಅದನ್ನು ಕಂಡಿದ್ದಾರೆ?

ಹೊನ್ನಾಳಿಗೆ ತುಂಗಭದ್ರೆಯಿದೆ, ಹಿರೇಕಲ್ಮಠವಿದೆ. ಅಲ್ಲಿ ಹೆಚ್ಚು ಹೇಳುವ ಪ್ರಮೇಯವಿಲ್ಲ. ಬರದ ತಾಲ್ಲೂಕೆಂದು ತನ್ನನ್ನು ತಾನೇ ಹಳಿದುಕೊಳ್ಳುವ ಜಗಳೂರಿನಲ್ಲಿ ಮಾತ್ರ ಸಂಕೋಚ ತುಸು ಹೆಚ್ಚು. ಆದರೆ ಆ ಒಣ ಕುರುಚಲು ಕಾಡೇ ನಾಲ್ಕು ಕೊಂಬಿನ ಹುಲ್ಲೆಯಾದ ಕೊಂಡುಕುರಿಯ ನೆಲೆ. 2011ರಲ್ಲಿ ರಂಗಯ್ಯನದುರ್ಗವನ್ನು ಅದಕ್ಕೆಂದೇ ವನ್ಯಧಾಮವೆಂದು ಘೋಷಿಸಲಾಯಿತು. ಭಾರತ, ನೇಪಾಳಗಳ ಹೊರಗೆ ಕಾಡಿನಲ್ಲಿ ಕಾಣಸಿಗದ ಪ್ರಾಣಿಯಿದು. ನಾಚಿಕೆಯ ಸ್ವಭಾವದ ಪ್ರಾಣಿಯಾದ್ದರಿಂದ ಕಂಡೇ ಕಾಣುವುದೆಂದು ಅತಿಥಿಗೆ ಭರವಸೆ ಕೊಡದಿರುವುದು ಲೇಸು.

ತೋರಿಸಲು ಹೊರಟವರು ಕಾಯ್ದುಕೊಳ್ಳುವ ಹೊಣೆಯನ್ನೂ ಹೊರಬೇಕಾಗುತ್ತದೆ. ಸೂಳೆಕೆರೆಯಲ್ಲಿ ಹೂಳು ತುಂಬಿದೆ, ಅಂಚಿನಲ್ಲಿ ಒತ್ತುವರಿಯ ದೂರುಗಳಿವೆ. ಗಡಿ ಅಳತೆಗಾಗಿ ಸ್ಥಳೀಯರು ವರ್ಷಗಟ್ಟಲೆ ಹೋರಾಡಿದ್ದಾರೆ. ಆ ನೀರನ್ನು ಕುಡಿಯುವ ಊರುಗಳಲ್ಲಿ ಚಿತ್ರದುರ್ಗವೂ ಒಂದು. ಒತ್ತುವರಿಯ ಪ್ರಶ್ನೆ ಎದ್ದಾಗ ತೋಟ, ಜಮೀನುಗಳುಳ್ಳ ಕೆಲವು ವರ್ತಕರೇ ಮೌನ ತಾಳುವುದುಂಟು. ಕೆರೆಯ ಹೆಸರಿನಲ್ಲಿ ಹೆಮ್ಮೆಪಡುವ ವರ್ತಕ ಸಂಘಗಳು ಹದ್ದುಬಸ್ತಿನ ಅಳತೆಯನ್ನು ಬಹಿರಂಗವಾಗಿ ಬೆಂಬಲಿಸಲಿ.

ಸದ್ಯಕ್ಕೆ ಪ್ರತಿ ತಾಲ್ಲೂಕಿನ ವರ್ತಕರು ಕನ್ನಡ ಹಾಗೂ ಹಿಂದಿಯಲ್ಲಿ ಒಂದೊಂದು ಹಾಳೆಯ ಪರಿಚಯ ಪತ್ರ ಅಚ್ಚು ಹಾಕಿಸಿ, ಬರುವ ಖರೀದಿದಾರರ ಅರ್ಧ ದಿನವನ್ನು ಇದಕ್ಕೆಂದು ಕೇಳಿ ಪಡೆಯಬಹುದು. ಅಚ್ಚಿನ ಖರ್ಚು, ಕಾರಿನ ಡೀಸೆಲ್, ಊಟದ ಬಿಲ್ಲು ಇವೆಲ್ಲ ರಸೀದಿ ಇದ್ದರೆ ವ್ಯವಹಾರದ ವೆಚ್ಚವಾಗಿಯೇ ಲೆಕ್ಕಕ್ಕೆ ಬರುತ್ತವೆ. ಊಟದ ಮೇಲಿನ ಜಿಎಸ್‌ಟಿಗೆ ಮಾತ್ರ ಇನ್‌ಪುಟ್ ಕ್ರೆಡಿಟ್ ದೊರೆಯದು.