ಪರದೇಶದ ಒಂದು ವರ್ಷ: ಲೆಕ್ಕಕ್ಕೆ ಹಿಡಿಯುವವರು ಯಾರು?

ಪರದೇಶದಲ್ಲಿ ವಿದ್ಯಾಭ್ಯಾಸವೆಂಬ ಮಾತು ಕಿವಿಗೆ ಬಿದ್ದೊಡನೆಯೇ ನಮ್ಮ ಜನರ ಕಣ್ಣೆದುರು ಬಂದು ನಿಲ್ಲುವುದು ಒಂದೇ ಚಿತ್ರ. ತಂದೆ ಹೊಲವನ್ನು ಒತ್ತೆಯಿಟ್ಟು ಸಾಲ ತರುತ್ತಾನೆ. ಮಗ ವಿಮಾನವೇರಿ ಹೋಗಿ ಪದವಿ ಗಳಿಸಿ, ಅಲ್ಲಿಯೇ ಉದ್ಯೋಗ ಹಿಡಿದು ನೆಲೆ ನಿಲ್ಲುತ್ತಾನೆ. ಇದು ಹೋದವನ ಕಥೆ. ಹೋಗಿ ಬಂದವನ ಕಥೆ ಬೇರೆಯೇ ಉಂಟು. ಅದಕ್ಕೆ ವಿದ್ಯಾರ್ಥಿ ವಿನಿಮಯವೆಂದು ಹೆಸರು. ಅಲ್ಲಿ ವಿದ್ಯಾರ್ಥಿಯ ಹೆಸರು ತನ್ನ ವಿಶ್ವವಿದ್ಯಾಲಯದ ಪಟ್ಟಿಯಲ್ಲಿಯೇ ಇರುತ್ತದೆ. ಒಂದು ವರ್ಷ ಬೇರೆ ದೇಶದ ವಿಶ್ವವಿದ್ಯಾಲಯದಲ್ಲಿ ಕಲಿತು, ಮರಳಿ ಬಂದು, ಪದವಿಯನ್ನು ತನ್ನ ವಿದ್ಯಾಲಯದಿಂದಲೇ ಪಡೆಯುತ್ತಾನೆ.

ಈ ವರ್ಷದ ಬೆಲೆಯು ವಿದ್ಯಾರ್ಥಿ ಹೋಗುವ ಊರಿನ ಕೀರ್ತಿಯಿಂದ ನಿರ್ಧಾರವಾಗುವುದೆಂದು ಅನೇಕರು ತಿಳಿದಿದ್ದಾರೆ. ನಮ್ಮ ಅಭಿಪ್ರಾಯವು ಹಾಗಿಲ್ಲ. ಅವನು ಮರಳಿದ ದಿನ ಅವನ ಸ್ವಂತ ವಿಶ್ವವಿದ್ಯಾಲಯವು ಆ ವರ್ಷವನ್ನು ಲೆಕ್ಕಕ್ಕೆ ಹಿಡಿಯುವುದೋ ಇಲ್ಲವೋ ಎಂಬುದೇ ಮುಖ್ಯ ಪ್ರಶ್ನೆ. ಉಳಿದುದೆಲ್ಲ ಅದರ ಮೇಲೆ ನಿಂತಿದೆ.

ಇದಕ್ಕೆ ಇಟಲಿಯ ಒಬ್ಬ ಮಹಿಳೆಯ ಬಾಳೇ ಸಾಕ್ಷಿ. ಸೋಫಿಯಾ ಕೊರಾದಿ ಎಂಬಾಕೆ ರೋಮಿನಲ್ಲಿ ಕಾಯಿದೆ ಓದುತ್ತಿದ್ದ ವಿದ್ಯಾರ್ಥಿನಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೇರಿಕೆಯು ಪರದೇಶಗಳಲ್ಲಿ ಉಳಿದಿದ್ದ ತನ್ನ ಯುದ್ಧಸಾಮಗ್ರಿಯನ್ನು ಮಾರಿ, ಆ ಹಣವನ್ನು ವಿದ್ಯಾರ್ಥಿಗಳ ಹೋಗಿಬರುವಿಕೆಗೆ ವಿನಿಯೋಗಿಸಲು 1946ರಲ್ಲಿ ಒಂದು ಕಾಯಿದೆ ಮಾಡಿತು. ಅದನ್ನು ತಂದ ಫುಲ್‌ಬ್ರೈಟ್‌ರ ಹೆಸರಿನ ಶಿಷ್ಯವೃತ್ತಿಯು ಹೀಗೆ ಹುಟ್ಟಿತು. ನಮ್ಮ ದೇಶವೂ 1950ರಲ್ಲಿ ಆ ಒಪ್ಪಂದಕ್ಕೆ ಸೇರಿತು. ಕೊರಾದಿಯವರು ಅದೇ ಶಿಷ್ಯವೃತ್ತಿಯಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಸ್ನಾತಕೋತ್ತರ ಪದವಿಯನ್ನು ಗಳಿಸಿ, 1958ರಲ್ಲಿ ಮರಳಿ ರೋಮಿಗೆ ಬಂದರು. ಅಲ್ಲಿ ಕಲಿತುದನ್ನು ಇಲ್ಲಿಯ ಪದವಿಗೆ ಎಣಿಸಿಕೊಳ್ಳಬೇಕೆಂದು ಕೇಳಿದಾಗ ದೊರೆತುದು ಮನ್ನಣೆಯಲ್ಲ, ಅವಮಾನ. ಕೊಲಂಬಿಯಾದ ಪದವಿ ರೋಮಿನ ಕಚೇರಿಯ ಮೇಜಿನ ಮೇಲೆ ಬರಿಯ ಕಾಗದವಾಯಿತು!

ಬೇರೆಯವರಾಗಿದ್ದರೆ ಹಣೆಯ ಬರಹವೆಂದು ಸುಮ್ಮನಾಗುತ್ತಿದ್ದರು. ಆಕೆ 1969ರಿಂದ ವಿಶ್ವವಿದ್ಯಾಲಯಗಳ ಅಧಿಪತಿಗಳ ಮುಂದೆಯೂ ಮಂತ್ರಿಗಳ ಮುಂದೆಯೂ ಒಂದೇ ಬೇಡಿಕೆಯನ್ನಿಟ್ಟು ಬಿಡದೆ ದುಡಿದರು: ಮುಂಚಿತವಾಗಿ ಒಪ್ಪಿದ ಪಾಠಗಳನ್ನು ಪರದೇಶದಲ್ಲಿ ಕಲಿತು ಬಂದವನ ಕಲಿಕೆಯನ್ನು ಮರಳಿದ ಮೇಲೆ ನಿರಾಕರಿಸಕೂಡದು. 18 ವರ್ಷಗಳ ತರುವಾಯ, 1987ರಲ್ಲಿ, ಯುರೋಪಿನ ರಾಷ್ಟ್ರಗಳು ಒಟ್ಟುಗೂಡಿ 'ಎರಾಸ್ಮಸ್' ಯೋಜನೆಯನ್ನು ಅಂಗೀಕರಿಸಿದವು. ಮೊದಲ ವರ್ಷ 11 ದೇಶಗಳಿಂದ ಹೋದವರು 3,244 ವಿದ್ಯಾರ್ಥಿಗಳು. ಇಂದಿಗೆ ಅದರ ನಾನಾ ಶಾಖೆಗಳ ಪ್ರಯೋಜನ ಪಡೆದವರ ಸಂಖ್ಯೆ ಒಂದೂವರೆ ಕೋಟಿಯನ್ನು ದಾಟಿದೆ.

ಈ ಯೋಜನೆಯ ಯಶಸ್ಸಿನ ಗುಟ್ಟು ಎಲ್ಲಿದೆ? ನ್ಯಾಯವಾದಿಯ ಕಣ್ಣಿಗೆ ಅದು ಒಂದು ಕರಾರುಪತ್ರದಲ್ಲಿ ಕಾಣುತ್ತದೆ. ಹೊರಡುವುದಕ್ಕೆ ಮೊದಲೇ ವಿದ್ಯಾರ್ಥಿ, ಕಳಿಸುವ ವಿಶ್ವವಿದ್ಯಾಲಯ, ಬರಮಾಡಿಕೊಳ್ಳುವ ವಿಶ್ವವಿದ್ಯಾಲಯ, ಈ ಮೂವರೂ ಒಂದು ಪತ್ರಕ್ಕೆ ಸಹಿ ಹಾಕುತ್ತಾರೆ. ಅಲ್ಲಿ ಯಾವ ಯಾವ ವಿಷಯ ಓದಬೇಕು, ಇಲ್ಲಿ ಅದು ಯಾವುದಕ್ಕೆ ಬದಲು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಅಳೆಯಲು ಸಮಾನವಾದ ಕೊಳಗವೂ ಉಂಟು: ಪೂರ್ಣ ವರ್ಷದ ಅಭ್ಯಾಸಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ತಾಸುಗಳ ದುಡಿಮೆ. ಹೋದ ವಿಶ್ವವಿದ್ಯಾಲಯಕ್ಕೆ ಬೋಧನಾ ಶುಲ್ಕ ಕೊಡಬೇಕಾಗಿಲ್ಲ. ಹೀಗೆ ಅಧಿಕಾರಿಯ ದಯೆಯಾಗಿದ್ದುದು ವಿದ್ಯಾರ್ಥಿಯ ಹಕ್ಕಾಯಿತು.

ಆಕ್ಷೇಪಗಳು ಇಲ್ಲದಿಲ್ಲ. ಇದು ಉಳ್ಳವರ ಮಕ್ಕಳ ವಿಹಾರವೆಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ಎರಾಸ್ಮಸ್ ಕೊಡುವ ಧನಸಹಾಯದಿಂದ ಬಾಡಿಗೆ, ಊಟ, ಪ್ರಯಾಣಗಳೆಲ್ಲ ತೂಗುವುದು ಅಪರೂಪ. ಮಿಕ್ಕುದನ್ನು ಮನೆಯವರೇ ತುಂಬಬೇಕು. ಅನುಕೂಲ ಕಡಿಮೆಯಿದ್ದವರಿಗೆ ತಿಂಗಳಿಗೆ 250 ಯೂರೋ ಹೆಚ್ಚಾಗಿ ಕೊಡುವ ಏರ್ಪಾಡು 2021ರಲ್ಲಿ ಆರಂಭವಾದ ಅವಧಿಯಲ್ಲಿ ಬಂದಿತು. ಬಡವನ ಮಗ ಹೋಗಲಾರನೆಂದರೆ ಬಾಗಿಲನ್ನು ಅಗಲ ಮಾಡಬೇಕೇ ಹೊರತು ಮುಚ್ಚಬೇಕೆ?

ಎರಡನೆಯ ಆಕ್ಷೇಪವು ಪರದೇಶಕ್ಕೆ ಹೋದವನು ತನ್ನತನವನ್ನು ಕಳೆದುಕೊಳ್ಳುವನೆಂಬುದು. ನಾವು ಇದನ್ನು ಒಪ್ಪಲಾರೆವು. ತನ್ನ ಭಾಷೆ ಯಾವುದು, ತನ್ನ ನಾಡಿನ ಇತಿಹಾಸವೇನು ಎಂದು ಪರಕೀಯನೊಬ್ಬ ಊಟದ ಮೇಜಿನ ಬಳಿ ಕೇಳಿದಾಗಲೇ ಅನೇಕ ತರುಣರು ಮೊದಲ ಸಲ ಉತ್ತರಕ್ಕಾಗಿ ತಡಕಾಡುತ್ತಾರೆ. ಆ ತಡಕಾಟವೂ ಒಂದು ವಿದ್ಯೆಯೇ. ನಮ್ಮ ಅಂಜಿಕೆ ಬೇರೆ. ಯುರೋಪಿನ ಬಹು ಕಡೆಗಳಲ್ಲಿ ಹೊರಗಿನಿಂದ ಬಂದವರಿಗೆ ಇಂಗ್ಲಿಷಿನಲ್ಲಿಯೇ ಪಾಠಗಳು ನಡೆಯುತ್ತವೆ. ಪೋಲೆಂಡಿನಲ್ಲಿ ವರ್ಷವಿಡೀ ಇದ್ದು, ಅಂಗಡಿಯವನೊಡನೆ ಪೋಲಿಷ್ ಭಾಷೆಯಲ್ಲಿ ನಾಲ್ಕು ಮಾತನಾಡಲು ಬಾರದೆ ಮರಳುವುದು ಸಾಧ್ಯವಿದೆ. ಊರಿನ ನುಡಿಯನ್ನು ಕಲಿಯದವನು ಆ ಊರನ್ನು ಕಿಟಕಿಯಿಂದ ನೋಡಿದನೇ ಹೊರತು ಒಳಹೊಕ್ಕವನಲ್ಲ.

ಇನ್ನು ನಮ್ಮ ದೇಶದ ಸ್ಥಿತಿಯತ್ತ ತಿರುಗೋಣ. ಎರಾಸ್ಮಸ್ಸಿನ ಬಾಗಿಲು 2015ರಲ್ಲಿ ಭಾರತಾದಿ ಹೊರದೇಶಗಳ ವಿದ್ಯಾರ್ಥಿಗಳಿಗೂ ತೆರೆಯಿತು. ಆದರೆ ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದವಿಲ್ಲದೆ ಈ ವಿನಿಮಯ ನಡೆಯದು. ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಪರದೇಶದ ಸಂಸ್ಥೆಗಳೊಡನೆ ಸಹಯೋಗಕ್ಕೆ ನಿಯಮಗಳನ್ನು ಮಾಡಿತು. ಅವುಗಳಲ್ಲಿಯ 'ಟ್ವಿನಿಂಗ್' ಎಂಬ ವ್ಯವಸ್ಥೆಯಲ್ಲಿ ಪರದೇಶದಲ್ಲಿ ಗಳಿಸಿದ ಕ್ರೆಡಿಟ್‌ಗಳು ಒಟ್ಟಿನ ಪ್ರತಿಶತ 30ನ್ನು ಮೀರುವಂತಿಲ್ಲ. ವಾಚಕರು ಲೆಕ್ಕ ಹಾಕಿ ನೋಡಲಿ. ನಾಲ್ಕು ವರ್ಷದ ಪದವಿಯಲ್ಲಿ ಒಂದು ವರ್ಷವೆಂದರೆ ಪ್ರತಿಶತ 25, ಅದು ಮಿತಿಯೊಳಗಿದೆ. ಮೂರು ವರ್ಷದ ಪದವಿಯಲ್ಲಿ ಒಂದು ವರ್ಷವೆಂದರೆ ಪ್ರತಿಶತ 33ಕ್ಕೂ ಮಿಕ್ಕಿತು. ಅದು ಮಿತಿಯ ಹೊರಗೆ! ಕರ್ನಾಟಕ ಸರಕಾರವು 2024ರಲ್ಲಿ ಪದವಿ ಶಿಕ್ಷಣವನ್ನು ಮರಳಿ ಮೂರು ವರ್ಷಕ್ಕೆ ತಂದಿತು. ಅದರ ಗುಣದೋಷಗಳ ವಿಚಾರವು ಈಗ ಬೇಡ. ಆದರೆ ಈ ಎರಡು ಲೆಕ್ಕಗಳ ನಡುವೆ ನಮ್ಮ ಜಿಲ್ಲೆಯ ಕಾಲೇಜಿನ ವಿದ್ಯಾರ್ಥಿಯ ಒಂದು ವರ್ಷವು ಸಿಕ್ಕಿಬೀಳದಂತೆ ನೋಡಿಕೊಳ್ಳುವವರು ಬೇಕಲ್ಲವೆ? ಅನುಮತಿ ಕೊಡುವುದರಿಂದ ಮಾತ್ರ ಕೆಲಸವಾಗದು. ಮರಳಿ ಬಂದವನಿಗೆ ಕೇಳುವ ಹಕ್ಕೂ ಇರಬೇಕು.

ವಿನಿಮಯವೆಂದರೆ ಕೊಡುಕೊಳ್ಳುವಿಕೆಯೆಂಬುದನ್ನೂ ಮರೆಯಬಾರದು. ಬ್ರಿಟನ್ 2020ರ ಕೊನೆಗೆ ಎರಾಸ್ಮಸ್ಸಿನಿಂದ ಹೊರಬಿದ್ದು, 2021ರಲ್ಲಿ 'ಟ್ಯೂರಿಂಗ್' ಎಂಬ ತನ್ನದೇ ಯೋಜನೆಯನ್ನು ಹೂಡಿತು. ಆ ಯೋಜನೆ ಹೊರಹೋಗುವವರಿಗೆ ಹಣ ಕೊಟ್ಟಿತು, ಒಳಬರುವವರಿಗೆ ಕೊಡಲಿಲ್ಲ. ಒಂದೇ ಕಡೆ ತೆರೆಯುವ ಕದಕ್ಕೆ ವಿನಿಮಯವೆಂಬ ಹೆಸರು ಒಪ್ಪದು. ನಮ್ಮಲ್ಲಿಗೆ ಯಾರಾದರೂ ಬಂದರೆ ಅವರಿಗೆ ಇರಲು ಕೋಣೆಯುಂಟೆ, ಕನ್ನಡ ಕಲಿಸುವ ಗುರುಗಳುಂಟೆ, ಬಾದಾಮಿ-ಹಂಪೆಗಳನ್ನು ಶಾಸ್ತ್ರೀಯವಾಗಿ ತೋರಿಸುವ ಪಾಠಕ್ರಮವುಂಟೆ? ಜರ್ಮನಿಯ ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡವನ್ನು ಕಲಿಸಿದ್ದುಂಟು. ಅಲ್ಲಿ ಕಲಿತವನು ಇಲ್ಲಿ ಒಂದು ವರ್ಷ ಇರಬಯಸಿದರೆ ನಾವು ಯಾವ ಕರಾರುಪತ್ರವನ್ನು ಮುಂದಿಡುವೆವು?

ಅದಕಾರಣ ನಮ್ಮ ಸೂಚನೆ ಇದು. ಪ್ರತಿಯೊಂದು ವಿಶ್ವವಿದ್ಯಾಲಯವೂ ಹೊರಡುವ ವಿದ್ಯಾರ್ಥಿಗೆ ಮುಂಚಿತವಾಗಿಯೇ ಸಹಿ ಮಾಡಿದ ಪತ್ರವನ್ನು ಕೊಡಲಿ. ಬಡ ವಿದ್ಯಾರ್ಥಿಗೆ ವೆಚ್ಚದ ನೆರವನ್ನು ಗೊತ್ತುಮಾಡಲಿ. ಹೋಗುವ ಊರಿನ ಭಾಷೆಯನ್ನು ಒಂದಿಷ್ಟು ಕಲಿಸಿ ಕಳಿಸಲಿ. ಕಳಿಸಿದಷ್ಟೇ ಮಂದಿಯನ್ನು ಬರಮಾಡಿಕೊಳ್ಳಲಿ. ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಜ್ಞಾಪನೆ: ನಿಮ್ಮ ಶಿಷ್ಯನೊಬ್ಬ ಇಂಥ ಯಾತ್ರೆಗೆ ಸಿದ್ಧನಾದರೆ, ಯಾವ ಊರಿಗೆ ಹೊರಟೆ ಎಂದು ಕೇಳುವ ಮೊದಲು, ಆ ಪತ್ರ ಕೈಯಲ್ಲಿದೆಯೇ ಎಂದು ಕೇಳಿರಿ. ಇಲ್ಲವೆಂದರೆ ಅವನೊಡನೆ ನೀವೂ ಕಚೇರಿಯ ಮೆಟ್ಟಿಲನ್ನು ಹತ್ತಿರಿ. ರೋಮಿನ ಆ ವಿದ್ಯಾರ್ಥಿನಿಗೆ ಮರಳಿ ಬಂದ ಮೇಲೆ ಒದಗಿದ ಕಷ್ಟವು ನಮ್ಮ ಮಕ್ಕಳಿಗೆ ಒದಗದಿರಲಿ.