ಹೋಟೆಲಿನ ಇಂಗ್ಲಿಷ್ ನಮಗೂ ಬೇಕು

 

ಹೋಟೆಲ್ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ನನಗಂತೂ ಇಡ್ಲಿ, ವಡೆ, ಕಾಫಿ ನೆನಪಾಗುತ್ತದೆ. ನಮ್ಮ ಕಡೆ ಹೋಟೆಲ್ ಅಂದರೆ ತಿನ್ನುವ ಜಾಗ. ಆದರೆ ಇಂಗ್ಲಿಷಿನಲ್ಲಿ ಹೋಟೆಲ್ ಅಂದರೆ ದುಡ್ಡು ಕೊಟ್ಟು ರಾತ್ರಿ ಉಳಿಯುವ ಜಾಗ. ಅದನ್ನು ನಾವು ಲಾಡ್ಜ್ ಅನ್ನುತ್ತೇವೆ. ಒಂದೇ ಪದಕ್ಕೆ ಎರಡು ಅರ್ಥ ಆದರೆ ಏನಾಯಿತು ಮಹಾ, ಅಂತ ನಾನೂ ಅಂದುಕೊಂಡಿದ್ದೆ. ಪದದ ಅರ್ಥ ಗೊತ್ತಿಲ್ಲದಿದ್ದರೆ ದುಡ್ಡು ಹೋಗುತ್ತದೆ ಅಂತ ಈಗ ಗೊತ್ತಾಗಿದೆ. ಅದನ್ನೇ ಬರೆಯುತ್ತಿದ್ದೇನೆ.

ಬೇಸಿಗೆ ರಜೆಯಲ್ಲಿ ನಮ್ಮ ಅಜ್ಜಿಯ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಬೇಕಾಯಿತು. ಅಪ್ಪ ನನಗೆ, "ನಿಂಗೆ ಇಂಗ್ಲಿಷ್ ಬರ್ತದಲ್ಲ, ನೀನೂ ಬಾರವ್ವ" ಅಂದರು. ನನಗೆ ಬಹಳ ಜಂಬ ಬಂತು. ಬಸ್ಸು ತಡವಾಗಿ ರಾತ್ರಿ 9 ಗಂಟೆಗೆ ಇಳಿದೆವು. ಹತ್ತಿರದ ಒಂದು ಲಾಡ್ಜಿಗೆ ಹೋದೆವು. ಅದರ ಹೆಸರು ಇಲ್ಲಿ ಬೇಡ. ಒಳಗೆ ಹೋದ ಕೂಡಲೇ ನಾನು ಕಂಡ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದತೊಡಗಿದೆ. "ರಿಸೆಪ್ಷನ್" ಅಂತ ಓದಿದಾಗ ಅಜ್ಜಿ, "ಯಾರ ಮದುವೇನವ್ವಾ ಇಲ್ಲಿ?" ಅಂತ ಕೇಳಿದರು. ನಮ್ಮೂರಲ್ಲಿ ರಿಸೆಪ್ಷನ್ ಅಂದರೆ ಮದುವೆಯ ಆರತಕ್ಷತೆ ತಾನೆ! ನಾವೆಲ್ಲ ನಕ್ಕೆವು. ಇನ್ನೊಂದು ಬೋರ್ಡು ಇತ್ತು. "ಚೆಕ್ ಔಟ್ ಟ್ವೆಲ್ವ್ ನೂನ್" ಅಂತ ಅದನ್ನೂ ಓದಿದೆ. ಉಚ್ಚಾರಣೆ ಸರಿಯಾಗಿತ್ತು. ಅಪ್ಪ, "ಭೇಷ್" ಅಂದರು. ಅದರ ಅರ್ಥ ಏನು ಅಂತ ಅಪ್ಪನೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಒಂದು ದಿನಕ್ಕೆ 800 ರೂಪಾಯಿ ಕೊಟ್ಟು ಮಲಗಿದೆವು.

ಬೆಳಿಗ್ಗೆ 7 ಗಂಟೆಗೆ ರೂಮಿಗೆ ಬೀಗ ಹಾಕಿ, ಬ್ಯಾಗು ಅಲ್ಲೇ ಬಿಟ್ಟು, ಆಸ್ಪತ್ರೆಗೆ ಹೋದೆವು. ಅಲ್ಲಿ ಉದ್ದ ಸಾಲು. ವಾಪಸು ಬಂದಾಗ ಸಂಜೆ 4 ಗಂಟೆ. ಮೇಜಿನ ಹಿಂದೆ ಕುಳಿತಿದ್ದವರು ಇನ್ನೊಂದು ದಿನದ ಬಾಡಿಗೆ ಕೇಳಿದರು. ಅಪ್ಪ, "ನಾವು ಬಂದಿದ್ದು ರಾತ್ರಿ 9ಕ್ಕೆ ಸ್ವಾಮಿ, ಇನ್ನೂ ಒಂದು ದಿನ ಆಗಿಲ್ಲ" ಅಂದರು. ಅವರು ಬೋರ್ಡಿನ ಕಡೆ ಕೈ ತೋರಿಸಿ, "ಓದಿಲ್ವಾ?" ಅಂದರು. ಅಪ್ಪ ನನ್ನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅಜ್ಜಿಯ ಕನ್ನಡಕಕ್ಕೆ ಅಂತ ಇಟ್ಟಿದ್ದ ದುಡ್ಡಿನಲ್ಲಿ 800 ರೂಪಾಯಿ ಎಣಿಸಿ ಕೊಟ್ಟರು. ಕನ್ನಡಕ ಬಂದದ್ದು ಹದಿನೈದು ದಿನ ತಡವಾಗಿ. ಅಷ್ಟು ದಿನ ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸಲು ನನ್ನನ್ನೇ ಕರೆಯುತ್ತಿದ್ದರು. ಪ್ರತಿ ಸಲ ಕರೆದಾಗಲೂ ನನಗೆ ಆ ಬೋರ್ಡು ನೆನಪಾಗುತ್ತಿತ್ತು.

ಶಾಲೆ ಶುರುವಾದ ಮೇಲೆ ಇಂಗ್ಲಿಷ್ ಮೇಡಂ ಅವರನ್ನು ಕೇಳಿದೆ. ಅವರು ಬಿಡಿಸಿ ಹೇಳಿದರು. ಚೆಕ್ ಇನ್ ಅಂದರೆ ಹೆಸರು ಬರೆಸಿ ರೂಮು ತೆಗೆದುಕೊಳ್ಳುವುದು. ಚೆಕ್ ಔಟ್ ಅಂದರೆ ಬೀಗದ ಕೈ ಕೊಟ್ಟು, ಲೆಕ್ಕ ಮುಗಿಸಿ ರೂಮು ಬಿಡುವುದು. ಇದರಲ್ಲಿ ಎರಡು ಪದ್ಧತಿ ಇವೆಯಂತೆ. "24 ಅವರ್ಸ್ ಚೆಕ್ ಔಟ್" ಅಂತ ಇದ್ದರೆ ನಾವು ಬಂದ ಗಂಟೆಯಿಂದ ಒಂದು ದಿನ ಲೆಕ್ಕ. "12 ನೂನ್" ಅಂತ ಇದ್ದರೆ ಯಾವಾಗ ಬಂದರೂ ಮಧ್ಯಾಹ್ನ 12ಕ್ಕೆ ಬಿಡಬೇಕು. ರಾತ್ರಿ 9ಕ್ಕೆ ಬಂದ ನಮಗೆ ಒಂದು ದಿನದ ಬಾಡಿಗೆಗೆ ಸಿಕ್ಕಿದ್ದು 15 ಗಂಟೆ ಮಾತ್ರ! ಬೆಳಿಗ್ಗೆಯೇ ಬೀಗದ ಕೈ ಕೊಟ್ಟು, "ಬ್ಯಾಗು ಇಲ್ಲೇ ಇಟ್ಟಿರಬಹುದಾ?" ಅಂತ ಕೇಳಬೇಕಿತ್ತು. ಎಷ್ಟೋ ಲಾಡ್ಜಿನಲ್ಲಿ ಇಡಲು ಬಿಡುತ್ತಾರಂತೆ. ದೊಡ್ಡ ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಅದಕ್ಕೇ ಕ್ಲೋಕ್ ರೂಮ್ ಇರುತ್ತದೆ. ನಾನು ಅದನ್ನು ಕ್ಲಾಕ್ ರೂಮ್, ಗಡಿಯಾರ ಇಡುವ ಕೋಣೆ ಅಂದುಕೊಂಡಿದ್ದೆ. ಕ್ಲೋಕ್ ಅಂದರೆ ಮೇಲಂಗಿ. ಮೊದಲು ಅಲ್ಲಿ ಮೇಲಂಗಿ ಕಳಚಿ ಇಡುತ್ತಿದ್ದರಂತೆ.

ಟ್ಯಾರಿಫ್ ಅಂದರೆ ಬಾಡಿಗೆಯ ಪಟ್ಟಿ. "ಟ್ಯಾಕ್ಸ್ ಎಕ್ಸ್‌ಟ್ರಾ" ಅಂತ ಇದ್ದರೆ ಅದರ ಮೇಲೆ ತೆರಿಗೆ ಬೇರೆ. ಸಿಂಗಲ್ ಒಬ್ಬರಿಗೆ, ಡಬಲ್ ಇಬ್ಬರಿಗೆ. ಮೂರನೆಯವರಿಗೆ ಎಕ್ಸ್‌ಟ್ರಾ ಬೆಡ್, ಅದಕ್ಕೂ ಬೇರೆ ದುಡ್ಡು ಇರಬಹುದು. ನೋ ವೇಕೆನ್ಸಿ ಅಂದರೆ ರೂಮು ಖಾಲಿ ಇಲ್ಲ. ಇವುಗಳಲ್ಲಿ ಕಷ್ಟದ ಪದ ಯಾವುದಿದೆ ಹೇಳಿ? ನಾವು ಒಂದನೇ ತರಗತಿಯಿಂದ ಇಂಗ್ಲಿಷ್ ಓದುತ್ತಿದ್ದೇವೆ. ಸ್ಪೆಲಿಂಗ್ ಬಾಯಿಪಾಠ ಮಾಡುತ್ತೇವೆ, ಪದ್ಯ ಹೇಳುತ್ತೇವೆ. ಆದರೆ ಓದುವುದು ಬೇರೆ, ಅರ್ಥ ತಿಳಿಯುವುದು ಬೇರೆ.

ಇದನ್ನು ಹೇಳಿದಾಗ ನಮ್ಮ ತರಗತಿಯ ಕೆಲವರು, "ಲಾಡ್ಜಿಗೆ ಹೋಗೋದು ಸಾಹುಕಾರ್ರು, ನಮಗ್ಯಾಕೆ?" ಅಂದರು. ಇದು ತಪ್ಪು. ಸಾಹುಕಾರರಿಗೆ 800 ರೂಪಾಯಿ ಹೋದರೆ ಗೊತ್ತೇ ಆಗುವುದಿಲ್ಲ. ಆಸ್ಪತ್ರೆಗೆ, ಪರೀಕ್ಷೆಗೆ, ಕೋರ್ಟು ಕೆಲಸಕ್ಕೆ ಅಂತ ಊರು ಬಿಟ್ಟು ಹೋಗುವವರು ನಾವೇ. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಈ ಮೂರೂ ಪದಗಳ ಮೂಲ ಒಂದೇ, ಅತಿಥಿ ಎಂಬ ಅರ್ಥದ ಲ್ಯಾಟಿನ್ ಪದ, ಅಂತ ಮೇಡಂ ಹೇಳಿದರು. ನಮ್ಮಂಥವರಿಗೆ ಹಾಸ್ಪಿಟಲ್ ಬಂದರೆ ಹಿಂದೆಯೇ ಹೋಟೆಲೂ ಬರುತ್ತದೆ.

ಇನ್ನು ಕೆಲವರು, "ಕರ್ನಾಟಕದಲ್ಲಿ ಅವರೇ ಕನ್ನಡದಲ್ಲಿ ಬರೀಲಿ" ಅಂದರು. ಈ ಮಾತನ್ನು ನಾನು ಒಪ್ಪುತ್ತೇನೆ. ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಅಂತ 2024ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ತಿದ್ದುಪಡಿ ಆಗಿದೆ. ಆ ಲಾಡ್ಜಿನ ಹೆಸರೂ ಹೊರಗೆ ಕನ್ನಡದಲ್ಲಿ ದೊಡ್ಡದಾಗಿಯೇ ಇತ್ತು. ಆದರೆ ದುಡ್ಡಿನ ನಿಯಮ ಒಳಗೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. "ಮಧ್ಯಾಹ್ನ 12ಕ್ಕೆ ರೂಮು ಬಿಡಬೇಕು" ಎಂದು ಒಂದು ಸಾಲು ಕನ್ನಡದಲ್ಲಿ ಬರೆದಿದ್ದರೆ ನಮ್ಮ ಅಪ್ಪನೇ ಓದುತ್ತಿದ್ದರು. ಅವರು ಬರೆಯಲೇಬೇಕು. ಆದರೆ ಅವರು ಬರೆಯುವವರೆಗೆ ನಾವು ಕಲಿಯದೆ ಕೂತರೆ ನಷ್ಟ ಯಾರಿಗೆ? ಅಲ್ಲದೆ ತಿರುಪತಿಗೋ ಮುಂಬೈಗೋ ಹೋದರೆ ಅಲ್ಲಿ ಕನ್ನಡ ಸಿಗದಿದ್ದರೂ ಈ ಪದಗಳು ಸಿಗುತ್ತವೆ.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ ಏನೆಂದರೆ, ಈ ವರ್ಷದ ಪ್ರವಾಸಕ್ಕೆ ಮೊದಲು ಒಂದು ಇಂಗ್ಲಿಷ್ ಪೀರಿಯಡ್ಡನ್ನು ಇದಕ್ಕೆ ಕೊಡಿ. ಮೇಜು ಹಾಕಿ ಒಬ್ಬರು ಮ್ಯಾನೇಜರ್ ಆಗಲಿ, ಉಳಿದವರು ಬಂದು ರೂಮು ಕೇಳಲಿ. "ವಾಟ್ ಈಸ್ ದ ಚೆಕ್ ಔಟ್ ಟೈಮ್?" ಎಂಬ ಒಂದು ಪ್ರಶ್ನೆಯಾದರೂ ಎಲ್ಲರ ಬಾಯಲ್ಲಿ ಬರಲಿ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೇ, "ಎಷ್ಟು ಗಂಟೆಗೆ ಬಿಡಬೇಕು ಸಾರ್?" ಅಂತ ಕೇಳಲು ನಾಚಿಕೆ ಬೇಡ. ಆ ರಾತ್ರಿ ನಾನು ಮಾಡಿದ ದೊಡ್ಡ ತಪ್ಪು ಅದೇ. ಗೊತ್ತಿಲ್ಲ ಅಂತ ಹೇಳಲು ಜಂಬ ಅಡ್ಡ ಬಂತು. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಕೇಳಬಲ್ಲವನಿಗೆ ನಷ್ಟವೂ ಇಲ್ಲ ಅಂತ ನಾನು ಸೇರಿಸುತ್ತೇನೆ.

ಗೆಳೆಯರೇ, ಈ ಹಾಳೆಯ ಕೆಳಗೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಲಾಡ್ಜಿನಲ್ಲಿ ನೀವು ಓದಿ ಅರ್ಥವಾಗದ ಪದ ಇದ್ದರೆ ಪೆನ್ಸಿಲಿನಲ್ಲಿ ಬರೆಯಿರಿ. ಅರ್ಥ ಗೊತ್ತಿದ್ದವರು ಪಕ್ಕದಲ್ಲಿ ಬರೆಯಲಿ. ಮೊದಲನೆಯ ಪದ ನಾನೇ ಬರೆದಿದ್ದೇನೆ: ಚೆಕ್ ಔಟ್.

ಇದು ನನ್ನ ಅನಿಸಿಕೆ. ತಪ್ಪಿದ್ದರೆ ತಿದ್ದಿ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ