ದೂರದ ಕಾಲೇಜಿನ ಮೇಲೆ ದೂರು ಕೊಡುವುದೆಲ್ಲಿ?

ಹಾವೇರಿಯ ಮನೆಯಲ್ಲೇ ಕುಳಿತು ಹೊರರಾಜ್ಯದ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿ ಓದುವುದು ಈಗ ಸಾಧ್ಯ. ಆದರೆ ಫಲಿತಾಂಶ ತಡವಾದರೆ, ಪ್ರಾಸ್ಪೆಕ್ಟಸ್‌ನಲ್ಲಿಲ್ಲದ ಶುಲ್ಕ ಕೇಳಿದರೆ, ಮೂಲ ಅಂಕಪಟ್ಟಿ ಹಿಂದಿರುಗಿಸದಿದ್ದರೆ ಯಾರ ಬಾಗಿಲು ತಟ್ಟಬೇಕು? ಫೋನಿನಲ್ಲಿ ಗೋಗರೆಯುತ್ತ ತಿಂಗಳು ಕಳೆದರೆ ಮುಂದಿನ ಪ್ರವೇಶವೇ ಕೈತಪ್ಪೀತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಇದಕ್ಕೆಂದೇ 2023ರಲ್ಲಿ ನಿಯಮಾವಳಿ ಹೊರಡಿಸಿದೆ. ಮೊದಲ ಮೆಟ್ಟಿಲು ಆ ಸಂಸ್ಥೆಯದೇ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ. ದೂರನ್ನು ಸಂಸ್ಥೆಯ ಆನ್‌ಲೈನ್ ಪೋರ್ಟಲ್ ಮೂಲಕವೇ ಸಲ್ಲಿಸಬಹುದು. ಅದಕ್ಕಾಗಿ ರೈಲು ಹತ್ತಬೇಕಿಲ್ಲ. ವಿಚಾರಣೆಗೆ ತಾನೇ ಹೋಗಲಾಗದ ವಿದ್ಯಾರ್ಥಿ ಪ್ರತಿನಿಧಿಯನ್ನು ಕಳಿಸಬಹುದು. ದೂರು ತಲುಪಿದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಅದರ ಪ್ರತಿ ವಿದ್ಯಾರ್ಥಿಗೂ ಸಿಗಬೇಕು.

ತೀರ್ಮಾನ ಸರಿಯೆನಿಸದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ಓಂಬಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬೇಕು. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರಿಗೆ ಈ ಹೊಣೆ ವಹಿಸಲಾಗುತ್ತದೆ. ಅವರು 30 ದಿನಗಳಲ್ಲಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕು. ‘ಅಂಕ ಕಡಿಮೆ ಬಂತು’ ಎಂಬ ಅಳಲಷ್ಟೇ ಇಲ್ಲಿ ನಡೆಯದು. ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕು. ಯುಜಿಸಿ 2022ರಲ್ಲಿ ಆರಂಭಿಸಿದ ‘ಇ-ಸಮಾಧಾನ್’ ಪೋರ್ಟಲ್ ಇನ್ನೊಂದು ದಾರಿ.

ದೂರು ನಿಲ್ಲುವುದು ಕೋಪದಿಂದಲ್ಲ, ಕಾಗದದಿಂದ. ಶುಲ್ಕದ ರಸೀದಿ, ಪ್ರಾಸ್ಪೆಕ್ಟಸ್, ಬರೆದ ಪತ್ರ, ಬಂದ ಉತ್ತರ ಎಲ್ಲವನ್ನೂ ದಿನಾಂಕವಾರು ಜೋಡಿಸಿಡುವುದು ಒಳಿತು. ಈ ಕೆಲಸದಲ್ಲಿ ತಂದೆತಾಯಿ ನೆರವಾಗಬಹುದು. ಅದಕ್ಕೂ ಮೊದಲು, ಪ್ರವೇಶದ ಹಣ ಕಟ್ಟುವ ಮುನ್ನವೇ, ಆ ಆನ್‌ಲೈನ್ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ನೋಡಿಕೊಂಡರೆ ಅರ್ಧ ತೊಂದರೆ ತಪ್ಪಿದಂತೆ.